ಜೋಡಿ ಕಂಬಳಿಯ ಇನ್ನೊಂದು ತುದಿ

ನನ್ನ ಸೋದರತ್ತೆಗೆ ನಮ್ಮ ಬೀದಿಯವರು ಇಟ್ಟಿರುವ ಹೆಸರು ದೊಡ್ಡ ಕಂಬಳಿ. ನೋಡಿದರೆ ಬಟ್ಟೆ ಒಣಹಾಕುವ ಕೋಲಿಗೆ ಕನ್ನಡಕ ಹಾಕಿದ ಹಾಗಿದ್ದಾಳೆ. ಚಿಕ್ಕ ಕಂಬಳಿ ಎಂದು ಕರೆಸಿಕೊಳ್ಳುತ್ತಿದ್ದವಳು ಅವಳ ಓರಗಿತ್ತಿ, ಅಂದರೆ ಅತ್ತೆಯ ಮೈದುನನ ಹೆಂಡತಿ. ಆಕೆ ಬಾಗಿಲಲ್ಲಿ ನಿಂತರೆ ಒಳಗೆ ದೀಪ ಹಾಕಬೇಕಾಗುತ್ತಿತ್ತು. ಹೆಸರಿಟ್ಟವರು ಮೈ ನೋಡಿರಲಿಲ್ಲ, ಮನೆಗೆ ಸೊಸೆಯಾಗಿ ಬಂದ ಸರದಿ ನೋಡಿದ್ದರು.

ಅವರ ಗಂಡಂದಿರು, ಅಣ್ಣ ತಮ್ಮ ಇಬ್ಬರೂ, ಉಣ್ಣೆ ಗಿರಣಿಯಲ್ಲಿದ್ದರು. ಗಿರಣಿ ಮುಚ್ಚಿದ ದಿನ ಇಬ್ಬರೂ ತಲೆಯ ಮೇಲೆ ಕೈ ಹೊತ್ತು ಕೂತರು. ಕೂತೇ ಇದ್ದರು. ಎದ್ದವರು ಹೆಂಡತಿಯರು. ಬೀದಿಯ ತಿರುವಿನಲ್ಲಿ, ಬೀಗದ ಕೈ ಮಾಡುವವನ ಮಗ್ಗುಲಲ್ಲಿ ಒಂದು ಕೋಣೆ ಹಿಡಿದು, ಗಿರಣಿಯ ಉಗ್ರಾಣದಲ್ಲಿ ಉಳಿದಿದ್ದ ಕಂಬಳಿಗಳನ್ನು ತಂದು ಪೇರಿಸಿ, 'ಕಂಬಳಿ ಮಾರುತ್ತೇವೆ, ಒಗೆಯುತ್ತೇವೆ, ತೂತು ಮುಚ್ಚುತ್ತೇವೆ' ಎಂದು ಹಲಗೆ ಬರೆಸಿದರು. ಎರಡು ಜುಟ್ಟು ಕೂಡಬಹುದು, ಎರಡು ಜಡೆ ಕೂಡದು ಎಂಬ ಗಾದೆಯನ್ನು ನೆನೆದುಕೊಂಡು ಬೀದಿಯವರು ಮೊದಲ ದಿನದಿಂದಲೇ ಜಗಳಕ್ಕೆ ಕಾದರು. ಇಪ್ಪತ್ತೆರಡು ವರ್ಷ ಕಾಯಬೇಕಾಯಿತು. ಕಾದವರಲ್ಲಿ ಕೆಲವರು ಅಷ್ಟರೊಳಗೆ ತೀರಿಯೇ ಹೋದರು. ಆ ಅಣ್ಣ ತಮ್ಮಂದಿರೂ ಹೋದರು. ಅವರು ಗಡಿಬಿಡಿ ಮಾಡುವವರಲ್ಲ, ಒಬ್ಬರ ಹಿಂದೊಬ್ಬರು ಸಾವಕಾಶವಾಗಿ ಹೋದರು.

ನಾನು ಚಿಕ್ಕಂದಿನಿಂದ ಆ ಕೋಣೆಯಲ್ಲಿ ಬೆಳೆದವನು. ವಾರಕ್ಕೊಮ್ಮೆ ಪತ್ರಿಕೆಯಲ್ಲಿ ನಗೆಬರಹ ಬರೆಯುವುದು ಈಗ ನನ್ನ ಕಸುಬು. ಬರೆಯುವುದಷ್ಟೇ ನನ್ನದು, ನಗುವುದು ಓದುಗರ ಜವಾಬ್ದಾರಿ. ನನ್ನ ಬರಹಗಳಲ್ಲಿ ಅತ್ತೆ ಒಂದನ್ನೂ ಓದಿ ನಕ್ಕಿದ್ದಿಲ್ಲ. "ಚೆನ್ನಾಗಿದೆ ಕಣೋ, ಒಳ್ಳೆ ಕಾಗದ" ಎಂದು ಅದರಲ್ಲೇ ಸೂಜಿ ಸುತ್ತಿಡುತ್ತಾಳೆ.

ಕಂಬಳಿಗಳಲ್ಲಿ ಒಂಟಿ, ಜೋಡಿ ಎಂದು ಎರಡು ಜಾತಿ. ಒಂಟಿ ಒಬ್ಬರು ಹೊದೆಯುವುದು. ಜೋಡಿ ಗಂಡ ಹೆಂಡತಿ ಹೊದ್ದು, ನಡುವೆ ಎರಡು ಮಕ್ಕಳನ್ನು ಮುಚ್ಚಿ, ಕಾಲ ಬಳಿ ಬೆಕ್ಕಿಗೂ ಒಂದಿಷ್ಟು ಉಳಿಯುವಂಥದು. ಒಣ ಜೋಡಿಯನ್ನು ಬೇಕಾದರೆ ಒಬ್ಬರು ಹೊರಬಹುದು. ಒದ್ದೆಯಾದರೆ ಅದು ತೊಟ್ಟಿಯಲ್ಲಿ ಬಿದ್ದ ಎಮ್ಮೆ. ಅದನ್ನು ಹಿಂಡುವ ಹಾಗಿಲ್ಲ, ಕುಕ್ಕುವ ಹಾಗಿಲ್ಲ, ನೇತುಹಾಕಿದರೆ ತನ್ನ ಭಾರಕ್ಕೆ ತಾನೇ ಜಗ್ಗಿ ಸೊಟ್ಟಗಾಗುತ್ತದೆ. ಬಿಸಿನೀರು ಬಿದ್ದರಂತೂ ಮುಗಿಯಿತು, ಮುನಿಸಿಕೊಂಡ ನೆಂಟನ ಹಾಗೆ ಮುದುಡಿಕೊಂಡು ಮತ್ತೆ ಬಿಚ್ಚಿಕೊಳ್ಳುವುದಿಲ್ಲ. ತಣ್ಣೀರಿನಲ್ಲಿ ಅದ್ದಿ, ಮಗುವನ್ನು ಮೀಯಿಸುವಂತೆ ಒತ್ತಿ ಒತ್ತಿ ಬಿಟ್ಟು, ಇಬ್ಬರು ಎರಡು ತುದಿ ಹಿಡಿದು ಎತ್ತಿ, ಒಣ ಟವೆಲುಗಳ ಮೇಲೆ ಹಾಸಿ ಸುರುಳಿ ಸುತ್ತಿ, ಸುರುಳಿಯ ಮೇಲೆ ಮಂಡಿಯೂರಿ ನೀರು ಬಿಡಿಸಿ, ನೆರಳಿನಲ್ಲಿ ಮಂಚದ ಮೇಲೆ ಚಪ್ಪಟೆಯಾಗಿ ಹರವಬೇಕು. ಎರಡು ದಿನ ಒಣಗಬೇಕು. ಆಮೇಲೆ ಮಡಿಸಬೇಕು.

ಆ ಮಡಿಸುವುದನ್ನು ನೋಡಲೆಂದೇ ನಾನು ಶಾಲೆ ತಪ್ಪಿಸಿದ್ದುಂಟು. ಇಬ್ಬರೂ ಹಿತ್ತಲಿನ ಎರಡು ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ನಡುವೆ ಕಂಬಳಿ. ಯಾರೂ ಒಂದು ಎರಡು ಎಣಿಸುತ್ತಿರಲಿಲ್ಲ. ಎಳೆದು, ಒಮ್ಮೆ ಒದರಿ, ಎರಡು ಮೂಲೆ ಕೂಡಿಸಿ, ಮತ್ತೆ ಒದರಿ, ಇಬ್ಬರೂ ಒಬ್ಬರ ಕಡೆಗೊಬ್ಬರು ನಡೆದು ಬರುತ್ತಿದ್ದರು. ನಟ್ಟನಡುವೆ ಕೈಗೆ ಕೈ ತಾಗಿದಾಗ ಚಿಕ್ಕ ಕಂಬಳಿ ತನ್ನ ತುದಿಯನ್ನು ಅತ್ತೆಯ ಬೆರಳಿಗೆ ಒಪ್ಪಿಸಿ, ಬಗ್ಗಿ ಕೆಳಗಿನ ಮಡಿಕೆ ಹಿಡಿದು ಹಿಂದೆ ಸರಿಯುತ್ತಿದ್ದಳು. ಅಷ್ಟು ಹೊತ್ತೂ ಬಾಯಿ ಬೇರೆ ಕಡೆ. "ನಿಮ್ಮ ಮೈದುನ ಉಪ್ಪು ಕಮ್ಮಿ ಅಂತ ತಟ್ಟೆ ದೂಡಿದ್ರು ಅಕ್ಕ." "ದೂಡಿದ ತಟ್ಟೇನ ಎತ್ತಿಟ್ಟುಬಿಡಬೇಕಿತ್ತು ಹುಡುಗಿ." ಓರಗಿತ್ತಿಗೆ ಐವತ್ತು ದಾಟಿದ ಮೇಲೂ ಅತ್ತೆಯ ಪಾಲಿಗೆ ಆಕೆ ಹುಡುಗಿಯೇ.

ಜಗಳ ಬಂದದ್ದು ಒಂದು ದಾರದಿಂದ.

ಆಗ ಪ್ಲಾಸ್ಟಿಕ್ ನೂಲಿನ ಹೊದಿಕೆಗಳು ಪೇಟೆ ತುಂಬಿದ್ದವು. ನೋಡಲು ಮೋಡ, ಮುಟ್ಟಲು ಬೆಣ್ಣೆ, ಎರಡು ಒಗೆತಕ್ಕೆ ಉಂಡೆ ಉಂಡೆ. ಒಗೆದಷ್ಟು ಸಲ ಅದರ ಪುಡಿ ನೀರಿಗೆ ಸೇರಿ ಮೀನಿನ ಹೊಟ್ಟೆಯ ತನಕ ಹೋಗುತ್ತದೆ ಎಂದು ಯಾರೋ ಹೇಳಿದ್ದನ್ನು ಅತ್ತೆ ಮನಸ್ಸಿಗೆ ಹಚ್ಚಿಕೊಂಡಿದ್ದಳು. ಕುರಿಯ ಮೈಮೇಲೆ ವರ್ಷ ವರ್ಷ ಬೆಳೆಯುವುದನ್ನು ಬಿಟ್ಟು ಪೆಟ್ರೋಲ್ ಎಣ್ಣೆಯಿಂದ ತೆಗೆದ ದಾರ ಹೊದೆಯುವವರನ್ನು ಕಂಡರೆ ಅವಳಿಗೆ ಎದುರು ಮನೆಗೆ ಬೆಂಕಿ ಬಿದ್ದಷ್ಟು ಗಾಬರಿ. ಒಳ್ಳೆಯ ಕಂಬಳಿ ಹೊದೆಯುವವನಿಗಿಂತ ಹೆಚ್ಚು ಬಾಳಬೇಕು ಎನ್ನುವುದು ಅವಳ ಸಿದ್ಧಾಂತ. ಯಾರು ಏನೇ ತಂದರೂ ಒಂದೆಳೆ ಕಿತ್ತು ಬೆಂಕಿಕಡ್ಡಿ ಗೀರುತ್ತಿದ್ದಳು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಬೂದಿ. ಪ್ಲಾಸ್ಟಿಕ್ ಆದರೆ ಕರಗಿ ಗಟ್ಟಿ ಮಣಿ.

ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಚಿಕ್ಕ ಕಂಬಳಿ ಯಾರೋ ಹೊಸ ನೇಕಾರನ ಹತ್ತಿರ ಹೋಗಿ ಒಂದು ಜೋಡಿ ತಂದಳು. ಬಣ್ಣ ಹಾಕದ, ಕುರಿಯ ಕಂದು ಮತ್ತು ಬಿಳಿ ಹಾಗೆಯೇ ಪಟ್ಟೆಯಾಗಿ ಬಂದ ಕಂಬಳಿ. ಇಪ್ಪತ್ತೆರಡು ವರ್ಷದಲ್ಲಿ ಅತ್ತೆಯನ್ನು ಕೇಳದೆ ಆಕೆ ಆರಿಸಿ ತಂದ ಮೊದಲ ಮಾಲು ಅದು. ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ಆಕೆ ಅವರೆದುರು ಅದನ್ನು ಬಿಚ್ಚಿ ಹರವಿ, ಮಗಳಿಗೆ ಮೊದಲ ಬಹುಮಾನ ಬಂದವಳ ಹಾಗೆ ನಿಂತಳು. ಅತ್ತೆ ಅಂಚಿನಿಂದ ಒಂದೆಳೆ ಎಳೆದಳು. ಅದು ಸರಕ್ಕನೆ ಬಂತು. ಕಡ್ಡಿ ಗೀರಿದಳು. ಎಳೆ ಕರಗಿ ಕಪ್ಪು ಮಣಿಯಾಗಿ ಮೇಜಿನ ಮೇಲೆ ಬಿತ್ತು.

"ಇದು ಕಂಬಳಿ ಅಲ್ಲ ಹುಡುಗಿ, ಬಕೆಟ್ಟು" ಎಂದಳು ಅತ್ತೆ. ಗಿರಾಕಿಗಳು ನಕ್ಕರು. ನಾನೂ ಅಲ್ಲಿದ್ದೆ. ನಾನೂ ನಕ್ಕೆ. ವೃತ್ತಿಧರ್ಮ.

ಚಿಕ್ಕ ಕಂಬಳಿ ಮಡಿಸಲು ಎರಡು ಮೂಲೆ ಹಿಡಿದಳು. ಇನ್ನೆರಡು ಮೂಲೆ ಹಿಡಿಯಲು ಅತ್ತೆ ಬರಲಿಲ್ಲ. ಆಕೆ ಒಂದು ಗಳಿಗೆ ಹಾಗೇ ನಿಂತು, ಕಂಬಳಿಯನ್ನು ಮೇಜಿನ ಮೇಲೆ ಗುಡ್ಡೆಯಾಗಿ ಬಿಟ್ಟು ಹೊರಗೆ ನಡೆದಳು. ಅದೇ ವಾರ ಬಸ್ಸಿನಲ್ಲಿ ಮೂರು ಗಂಟೆ ದಾರಿಯ ಊರಿನಲ್ಲಿದ್ದ ಮಗಳ ಮನೆಗೆ ಹೋದವಳು ಅಲ್ಲೇ ಉಳಿದಳು.

ಆವತ್ತಿನಿಂದ ಅತ್ತೆ ಜೋಡಿ ಕಂಬಳಿ ಒಗೆಯಲು ತೆಗೆದುಕೊಳ್ಳುವುದನ್ನು ನಿಲ್ಲಿಸಿದಳು. ಕೇಳಿದವರಿಗೆ "ತೊಟ್ಟಿ ಸೋರುತ್ತೆ" ಎನ್ನುತ್ತಿದ್ದಳು. ಒಂಟಿ ಒಗೆಯುವಾಗ ತೊಟ್ಟಿ ಹೇಗೆ ಸೋರುವುದಿಲ್ಲ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆ ಪಟ್ಟೆಯ ಕಂಬಳಿ ಮಾತ್ರ ಸುರುಳಿ ಸುತ್ತಿಕೊಂಡು, ಹತ್ತಿ ಬಟ್ಟೆಯ ಚೀಲದೊಳಗೆ, ಮೇಲಿನ ಗೂಡಿನಲ್ಲಿ ಮಲಗಿತ್ತು. ತಿಂಗಳಿಗೊಮ್ಮೆ ಅದನ್ನು ಇಳಿಸಿ, ನುಸಿ ಹತ್ತದ ಹಾಗೆ ಗಾಳಿಗೆ ಹರವಿ, ಮೆತ್ತನೆಯ ಬ್ರಷ್ಷಿನಲ್ಲಿ ಒಂದೇ ದಿಕ್ಕಿಗೆ ತಟ್ಟಿ, ಮತ್ತೆ ಸುರುಳಿ ಸುತ್ತಿ ಇಡುತ್ತಿದ್ದಳು.

"ಬಕೆಟ್ಟಿಗೆ ಇಷ್ಟೊಂದು ಉಪಚಾರ ಯಾಕೆ ಅತ್ತೆ?" ಎಂದು ನಾನು ಒಮ್ಮೆ ಕೇಳಿದೆ.

"ನೀನು ಬಂದ್ರೆ ಚಹಾ ಕೊಡಲ್ವಾ, ಹಂಗೆ" ಎಂದಳು.

ಕಳೆದ ಚಳಿಗಾಲದಲ್ಲಿ ನಾನು ಒಂದು ಕಂಬಳಿ ಕೊಂಡೆ. ಅತ್ತೆಯ ಅಂಗಡಿ ನೂರು ಹೆಜ್ಜೆ ದೂರದಲ್ಲಿದ್ದರೂ ದೊಡ್ಡ ಅಂಗಡಿಯಲ್ಲಿ ಕೊಂಡೆ. ಅದರ ಚೀಟಿಯಲ್ಲಿ ಹಸಿರು ಎಲೆಯ ಚಿತ್ರವಿತ್ತು, ಎಲೆಯ ಕೆಳಗೆ 'ಭೂಮಿಯ ಗೆಳೆಯ' ಎಂದಿತ್ತು. ಎಲೆಯ ಚಿತ್ರ ಕಂಡರೆ ಕರಗುವ ಜಾತಿ ನನ್ನದು. ವಾರಕ್ಕೆ ಅದರಿಂದ ಕೂದಲು ಉದುರತೊಡಗಿತು. ನನ್ನ ತಲೆಯಲ್ಲಿ ಉದುರಲು ಏನೂ ಉಳಿದಿಲ್ಲವಾದ್ದರಿಂದ ಅನುಮಾನ ನೇರವಾಗಿ ಕಂಬಳಿಯ ಮೇಲೇ ಹೋಯಿತು. ಕಂಬಳಿಯಲ್ಲಿ ಊಟ ಕಟ್ಟಿ ಕೂದಲು ಆರಿಸಿದರಂತೆ ಎಂಬ ಗಾದೆಯನ್ನು ಹೆಂಡತಿ ದಿನಕ್ಕೆರಡು ಸಲ ಹೇಳತೊಡಗಿದ ಮೇಲೆ ಅದನ್ನು ಹೊತ್ತು ಅತ್ತೆಯ ಹತ್ತಿರ ಹೋದೆ.

ಅವಳು ಮುಷ್ಟಿಯಲ್ಲಿ ಹಿಡಿದು ಅದುಮಿ ಬಿಟ್ಟಳು. ಉಣ್ಣೆಯಾಗಿದ್ದರೆ ತಟ್ಟನೆ ಉಬ್ಬಬೇಕಿತ್ತು, ಇದು ಹಿಚುಕಿದ ಹಾಗೇ ಉಳಿಯಿತು. ಕಿಟಕಿಯ ಬೆಳಕಿಗೆ ಹಿಡಿದಳು, ನೇಯ್ಗೆ ಜರಡಿಯ ಹಾಗಿತ್ತು. ಆಮೇಲೆ ನಡುವಿನಲ್ಲಿ ಸೂಜಿ ತೂರಿಸಿ, ಬಹಳ ಕಷ್ಟಪಟ್ಟು ಒಂದೆಳೆ ತೆಗೆದು ಸುಟ್ಟಳು. ಮಣಿ.

"ಅಂಚಿಂದ ಎಳೆದಿದ್ರೆ ಸಲೀಸಾಗಿ ಬರ್ತಿತ್ತಲ್ಲ ಅತ್ತೆ. ಮೊದಲೆಲ್ಲ ನೀನು ಅಲ್ಲಿಂದಲೇ ತೆಗೀತಿದ್ದೆ."

ಅವಳು ಕಡ್ಡಿಯನ್ನು ಊದಿ ಆರಿಸಿದಳು.

ನನ್ನ ದಡ್ಡತನಕ್ಕೆ ಒಂದು ಉಪಯೋಗವಿದೆ, ಅದರಿಂದ ವಾರದ ಬರಹ ಆಗುತ್ತದೆ. ಕಂಬಳಿ ಕೊಳ್ಳುವುದು ಹೇಗೆ ಎಂದು ಬರೆದೆ. ಎಲೆಯ ಚಿತ್ರ ನಂಬಬೇಡಿ, ಅದುಮಿ ನೋಡಿ, ಬೆಳಕಿಗೆ ಹಿಡಿಯಿರಿ, ಕುರಿಯ ಸಹಜ ಬಣ್ಣದ್ದನ್ನು ಆರಿಸಿ, ಒಗೆಯುವುದಕ್ಕಿಂತ ಗಾಳಿಗೆ ಹಾಕುವುದು ಮೇಲು, ತೂತಾದರೆ ಎಸೆಯಬೇಡಿ ಹೊಲಿಸಿ ಎಂದೆಲ್ಲ ಅತ್ತೆಯ ಜ್ಞಾನವನ್ನು ಕದ್ದು, ನಡುನಡುವೆ ನನ್ನ ಬೋಳುತಲೆಯನ್ನು ಸಿಕ್ಕಿಸಿ, ಕಳಿಸುವ ಮೊದಲು ಅವಳಿಗೆ ಓದಿ ಹೇಳಿದೆ. ಎಂದಿನಂತೆ ನಗಲಿಲ್ಲ. ಪೂರ್ತಿ ಕೇಳಿ, "ಒಂದು ಮಾತು ಸೇರಿಸು" ಎಂದಳು.

"ಏನು?"

"ಎಳೆ ಸುಟ್ಟು ನೋಡೋರು ನಡುವಿಂದ ತೆಗೀಬೇಕು. ಅಂಚಿಂದ ತೆಗೀಬಾರದು. ಅಂಚು ಸುಳ್ಳು ಹೇಳುತ್ತೆ."

"ಅದ್ಯಾಕೆ ಅಂತ ಜನ ಕೇಳ್ತಾರೆ."

"ಅಂಚು ಕಟ್ಟೋ ದಾರ ಬೇರೆ ಇರುತ್ತೆ. ಗಟ್ಟಿ ಇರಲಿ ಅಂತ ನೈಲಾನ್ ದಾರದಲ್ಲಿ ಹೊಲೀತಾರೆ ಕೆಲವರು. ಅದನ್ನ ಸುಟ್ಟು ಕಂಬಳೀನೇ ಖೋಟಾ ಅಂದ್ರೆ, ಅಂದೋರಿಗೆ ಕೆಲಸ ಗೊತ್ತಿಲ್ಲ ಅಂತ ಅರ್ಥ." ಸೂಜಿಗೆ ದಾರ ಪೋಣಿಸಲು ಹೋಗಿ ಎರಡು ಸಲ ತಪ್ಪಿದಳು. "ಇದ್ದ ಹಾಗೇ ಬರಿ. ಹಾಸ್ಯಗೀಸ್ಯ ಹಾಕಬೇಡ ಆ ಮಾತಿಗೆ."

ನಾನು ಮೇಲಿನ ಗೂಡಿನ ಕಡೆ ನೋಡಿದೆ. ಅವಳೂ ನೋಡಿದಳು.

"ಯಾವಾಗ ಗೊತ್ತಾಯ್ತು ಅತ್ತೆ?"

"ಅವಳು ಹೋಗಿ ಎರಡು ವರ್ಷಕ್ಕೆ. ಗಾಳಿಗೆ ಹಾಕಿದ್ದೆ, ಮಳೆ ಹನಿ ಬಿತ್ತು. ಒದ್ದೆ ಕುರಿ ವಾಸನೆ ಬಂತು. ಬಕೆಟ್ಟಿಗೆ ಎಲ್ಲಿಂದ ಬರಬೇಕು ಆ ವಾಸನೆ. ನಡುವಿಂದ ಒಂದೆಳೆ ಸುಟ್ಟೆ. ಅಪ್ಪಟ ಉಣ್ಣೆ. ನಾನು ಜನ್ಮದಲ್ಲಿ ಅಂಥದ್ದು ಆರಿಸಿಲ್ಲ."

"ಒಂದು ಫೋನು ಮಾಡಬಹುದಿತ್ತಲ್ಲ."

"ಮಾಡಿ ಏನನ್ನಲಿ?"

ಅದೂ ನಿಜವೇ. ಬೇರೆಯವರ ತಪ್ಪಿಗೆ ಅತ್ತೆಯ ಬಾಯಲ್ಲಿ ಮಾತು ನೂರಿದ್ದವು. ತನ್ನ ತಪ್ಪಿಗೆ ಒಂದನ್ನೂ ಹೊಲಿದಿಟ್ಟುಕೊಂಡಿರಲಿಲ್ಲ. ಕನ್ನಡಕ ಒರೆಸುತ್ತ ಕೇಳಿದಳು, "ನಿನ್ನ ಪೇಪರು ಆ ಊರಿಗೆ ಹೋಗುತ್ತಾ?"

"ಹೋಗುತ್ತೆ. ಓದ್ತಾರೋ ಇಲ್ವೋ ಗೊತ್ತಿಲ್ಲ."

"ಅವಳು ಓದ್ತಾಳೆ. ಕಡಲೆಕಾಯಿ ಕಟ್ಟಿದ ಕಾಗದಾನೂ ಬಿಡೋಳಲ್ಲ."

ಬರಹ ಅಚ್ಚಾಯಿತು. ಹದಿನೈದು ವರ್ಷ ಬರೆದವನು ನಾನು, ನನ್ನ ಬರಹಕ್ಕೆ ಯಾರಾದರೂ ಅಷ್ಟು ಕಾದದ್ದನ್ನು ನಾನು ನೋಡಿರಲಿಲ್ಲ. ಅಂಗಡಿಯ ಫೋನು ಹಳೆಯದು, ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದು. ಅತ್ತೆ ಹೊಲಿಗೆಯ ಕುರ್ಚಿಯನ್ನು ಕಿಟಕಿಯ ಬೆಳಕಿನಿಂದ ತೆಗೆದು ಫೋನಿನ ಕೆಳಗೆ ಹಾಕಿಕೊಂಡಳು. "ಅಲ್ಲಿ ಕಣ್ಣಿಗೆ ಹೊಡೀತಿತ್ತು" ಎಂದಳು. ಕತ್ತಲೆಯಲ್ಲಿ ಕೂತು ತೂತು ಮುಚ್ಚಿದಳು. ಒಂದು ವಾರ, ಎರಡು ವಾರ. ಯಾರೋ ತಪ್ಪು ಸಂಖ್ಯೆ ಒತ್ತಿ ಕರೆದರೆ ಅವರೊಂದಿಗೂ ಒಂದು ನಿಮಿಷ ಮಾತಾಡುತ್ತಿದ್ದಳು, ಇಟ್ಟುಬಿಟ್ಟರೆ ಎಲ್ಲಿ ಶಕುನ ಕೆಡುತ್ತದೋ ಎಂಬಂತೆ.

ಮೂರನೆಯ ಶನಿವಾರ ಫೋನು ಬಂದಾಗ ನಾನು ಅಲ್ಲೇ ಇದ್ದೆ. ಕದ್ದು ಕೇಳಿಸಿಕೊಂಡೆ ಎನ್ನಬೇಡಿ. ಚಿಕ್ಕ ಕಂಬಳಿಯ ದನಿಗೆ ಫೋನೇ ಬೇಕಿರಲಿಲ್ಲ, ಕಿಟಕಿ ತೆಗೆದರೆ ಸಾಕಿತ್ತು.

"ನಿಮ್ಮ ಅಳಿಯ ಪೇಪರಲ್ಲಿ ಏನೋ ಬರೆದಿದಾನಲ್ಲ."

"ಬರೀತಾನೆ. ಅವನಿಗೇನು ಕೆಲಸ" ಎಂದಳು ಅತ್ತೆ.

"ಅಂಚು ಸುಳ್ಳು ಹೇಳುತ್ತೆ ಅಂತಿದೆ."

"ಹೂಂ."

"ಅವನಿಗ್ಯಾರು ಹೇಳಿದ್ದು?"

"ನಾನೇ."

"ನಿಮಗೆ ಯಾವಾಗ ತಿಳೀತು?"

"ಏಳು ವರ್ಷ ಆಯ್ತು."

ಅತ್ತೆ ಫೋನಿನ ತಂತಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದಳು. ಆ ಕಡೆಯಿಂದ ದನಿ ಬಂತು. "ಏಳು ವರ್ಷಕ್ಕೆ ಒಂದು ಸಾಲು. ನಿಮ್ಮ ಅಳಿಯನಿಗಿಂತ ನಿಧಾನ ನೀವು."

"ಬೈಯಿ."

"ಬಸ್ಸಲ್ಲಿ ಬಂದು ಬೈತೀನಿ. ಫೋನಲ್ಲಿ ಬೈದ್ರೆ ತೃಪ್ತಿ ಇಲ್ಲ. ಅದನ್ನ ಹೆಂಗೆ ಇಟ್ಟಿದೀರಿ?"

"ಸುರುಳಿ ಸುತ್ತಿದೀನಿ. ಮಡಿಸಿಲ್ಲ."

"ಯಾಕೆ?"

"ಹೆಂಗೆ ಮಡಿಸಲಿ?" ಎಂದಳು ಅತ್ತೆ.

ಆದರೆ ಬರುವುದು ಅಷ್ಟು ಸುಲಭವಿರಲಿಲ್ಲ. ಮಗಳಿಗೆ ಪಾಳಿಯ ಕೆಲಸ, ಇಬ್ಬರು ಮೊಮ್ಮಕ್ಕಳನ್ನು ಅಜ್ಜಿಯೇ ನೋಡಬೇಕು, ಮೇಲೆ ಮಂಡಿನೋವು. ಬಿಸಿಲು ಬರಲಿ, ಒಗೆಯೋಣ ಎಂದಾಯಿತು. ಬಿಸಿಲು ಬಂದು ಒಂದು ತಿಂಗಳಾದ ಮೇಲೆ ಒಂದು ದಿನ ಸಿಕ್ಕಿತು. ಹನ್ನೊಂದರ ಬಸ್ಸಿಗೆ ಬಂದು ನಾಲ್ಕರ ಬಸ್ಸಿಗೆ ಹೋಗುವುದು.

ಆ ದಿನ ಅತ್ತೆ ಎಂಟಕ್ಕೇ ತೊಟ್ಟಿ ತುಂಬಿಸಿ, ಮೊಣಕೈ ಅದ್ದಿ ನೋಡಿ, ನೀರು ಬೆಚ್ಚಗಾಯಿತೆಂದು ಚೆಲ್ಲಿ, ಮತ್ತೆ ತುಂಬಿಸಿದಳು. ಹೀಗೆ ಮೂರು ಸಲ. ತೊಟ್ಟಿ ಎಲ್ಲೂ ಸೋರಲಿಲ್ಲ.

ಹನ್ನೊಂದೂವರೆಗೆ ಚಿಕ್ಕ ಕಂಬಳಿ ಬಂದು ಬಾಗಿಲಲ್ಲಿ ನಿಂತಳು. ಒಳಗಿನ ಬೆಳಕು ಹಾಗೆಯೇ ಇತ್ತು. ಅಷ್ಟು ಇಳಿದುಹೋಗಿದ್ದಳು. ಅತ್ತೆ ಅದನ್ನು ಕಂಡಳು, ಕಾಣದವಳ ಹಾಗೆ ಎದ್ದಳು.

"ಬಂದ್ಯಾ ಹುಡುಗಿ."

"ಬೆಂಕಿಪೆಟ್ಟಿಗೆ ಎಲ್ಲಿ?" ಎಂದಳು ಚಿಕ್ಕ ಕಂಬಳಿ.

ಅತ್ತೆ ಕೊಟ್ಟಳು. ನಾನು ಸುರುಳಿ ಇಳಿಸಿದೆ. ಆಕೆ ಅದನ್ನು ಮೇಜಿನ ಮೇಲೆ ಹರವಿ, ಅಂಗೈಯಿಂದ ಒಮ್ಮೆ ಸವರಿ, ನಟ್ಟನಡುವೆ ಸೂಜಿ ತೂರಿಸಿ ಒಂದೆಳೆ ತೆಗೆದಳು. ಕಡ್ಡಿ ಗೀರಿದಳು. ಕೂದಲು ಸುಟ್ಟ ವಾಸನೆ ಕೋಣೆ ತುಂಬಿತು. ಬೂದಿಯನ್ನು ಬೆರಳಲ್ಲಿ ಉಜ್ಜಿ ಅತ್ತೆಯ ಮೂಗಿನ ಹತ್ತಿರ ಹಿಡಿದಳು.

"ಏನಿದು?"

"ಕಂಬಳಿ."

"ಬಕೆಟ್ಟಲ್ವಾ?"

"ಅಲ್ಲ. ತಪ್ಪಾಯ್ತು."

"ಗಿರಾಕಿಗಳ ಎದುರಿಗೆ ಹೇಳಬೇಕಿತ್ತು ಇದನ್ನ."

"ಇವನಿದಾನಲ್ಲ" ಎಂದು ಅತ್ತೆ ನನ್ನನ್ನು ತೋರಿಸಿದಳು. "ಆವತ್ತು ನಕ್ಕೋರಲ್ಲಿ ಇವನೊಬ್ಬ ಉಳಿದಿದಾನೆ."

ನಾನು ಬಹಳ ಗಂಭೀರವಾಗಿ ನಿಂತೆ.

ಒಗೆದರು. ಮಂಡಿಯ ದೆಸೆಯಿಂದ ಚಿಕ್ಕ ಕಂಬಳಿ ಸ್ಟೂಲಿನ ಮೇಲೆ ಕೂತೇ ಒತ್ತಿದಳು. ಎತ್ತುವಾಗ ನಾನು ಕೈ ಹಾಕಲು ಹೋದರೆ ಇಬ್ಬರೂ ಒಟ್ಟಿಗೆ "ದೂರ ನಿಲ್ಲು" ಎಂದರು. ಎತ್ತಲು ಮೂರು ಪ್ರಯತ್ನ ಬೇಕಾಯಿತು. ನೀರು ಸುರಿಯುವ ಕಂಬಳಿಯನ್ನು ನಡುವೆ ಹಿಡಿದುಕೊಂಡು ಇಬ್ಬರು ಮುದುಕಿಯರು ಏದುಸಿರು ಬಿಡುತ್ತ, ಯಾರ ಮಗಳು ಏನು ಅಡಿಗೆ ಮಾಡುತ್ತಾಳೆ, ಯಾರ ಹಲ್ಲು ಎಷ್ಟು ಉಳಿದಿದೆ ಎಂದು ಒಂಬತ್ತು ವರ್ಷದ ಬಾಕಿಯನ್ನೆಲ್ಲ ಮಾತಾಡಿದರು. ಮಂಚದ ಮೇಲೆ ಹರವಿ ಮೂಲೆಗಳನ್ನು ನೇರ ಮಾಡುವ ಹೊತ್ತಿಗೆ ಮೂರೂವರೆ.

ಅತ್ತೆ ಕಂಬಳಿಯ ಮೇಲೆ ಕೈಯಿಟ್ಟು ನೋಡಿದಳು, ಅಷ್ಟರಲ್ಲೇ ಒಣಗಿಬಿಟ್ಟಿರಬಹುದೇನೋ ಎನ್ನುವ ಹಾಗೆ.

"ಎರಡು ದಿನ ಬೇಕು ಅಕ್ಕ, ಮರೆತ್ರಾ?"

"ಇರು ಎರಡು ದಿನ."

"ಮಗಳಿಗೆ ಇವತ್ತೊಂದೇ ರಜ. ನಾಳೆ ಮಕ್ಕಳು ಶಾಲೆಯಿಂದ ಬಂದು ಬೀಗ ನೋಡ್ತವೆ. ಮಡಿಸೋಕೆ ಬರ್ತೀನಿ. ಅವನ ಕೈಯಲ್ಲಿ ಮಡಿಸಬೇಡಿ, ಅವನು ಕಂಬಳೀನ ಪರರ ಮಗು ಹಿಡಿದ ಹಾಗೆ ಹಿಡೀತಾನೆ."

"ತಗೊಂಡು ಹೋಗ್ತೀಯಾ ಆಮೇಲೆ ಅದನ್ನ? ನೀನು ಆರಿಸಿದ್ದು."

ಚಿಕ್ಕ ಕಂಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ತಲೆಯೆತ್ತಲಿಲ್ಲ. "ಮೊದಲು ಒಣಗಲಿ" ಎಂದಳು.

ಬಸ್ಸು ಹತ್ತಿಸಿ ಬಂದೆವು. ಮನೆ ಮುಟ್ಟಿದ ಮೇಲೆ, "ಎಷ್ಟು ಹಗುರ ಆಗಿದಾಳೆ ನೋಡಿದ್ಯಾ, ತುದಿ ಹಿಡಿದು ಎಳೆದ್ರೆ ನನ್ನ ಕಡೆಗೇ ಬಂದ್ಲು" ಎಂದಳು ಅತ್ತೆ.

ಇದಾಗಿ ಎರಡು ತಿಂಗಳಾಯಿತು. ಕಿರಿಯ ಮೊಮ್ಮಗುವಿಗೆ ಜ್ವರ, ಆಮೇಲೆ ಹಿರಿಯದಕ್ಕೆ, ಆಮೇಲೆ ಪರೀಕ್ಷೆ. ಶನಿವಾರ ಶನಿವಾರ ಫೋನು ಬರುತ್ತದೆ, ಬಸ್ಸು ಬರುತ್ತದೆ, ಆಕೆ ಮಾತ್ರ ಬರಲಾಗಿಲ್ಲ. ಮಳೆ ಶುರುವಾದ ಮೇಲೆ ಮಂಚವನ್ನು ಅಂಗಡಿಯೊಳಗೆ ಎಳೆದು ಹಾಕಿದ್ದಾಳೆ ಅತ್ತೆ. ಪಟ್ಟೆಯ ಕಂಬಳಿ ಅದರ ಮೇಲೆ ಹರವಿಕೊಂಡೇ ಇದೆ. ಗಿರಾಕಿಗಳು ಗೋಡೆಗೆ ಬೆನ್ನು ಉಜ್ಜಿಕೊಂಡು ಒಳಗೆ ಬರಬೇಕು. ಬೆಳಿಗ್ಗೆ ಒಮ್ಮೆ ಮಗ್ಗುಲು ಬದಲಿಸುತ್ತಾಳೆ, ಬ್ರಷ್ಷು ತಟ್ಟುತ್ತಾಳೆ.

ಮೊನ್ನೆ ಜಾಗವಿಲ್ಲದೆ ಬಾಗಿಲಲ್ಲೇ ನಿಂತು ಚಹಾ ಕುಡಿಯುತ್ತಿದ್ದವನು ಬೇಡವೆಂದರೂ ಬಾಯಿ ತಡೆಯಲಾರದೆ ಕೇಳಿದೆ, "ಒಣಗಿಲ್ವಾ ಅತ್ತೆ ಇನ್ನೂ?"

ಅತ್ತೆ ಬಗ್ಗಿ ಆ ಕಡೆಯ ತುದಿಯನ್ನು, ಒಂಬತ್ತು ವರ್ಷದ ಹಿಂದೆ ತಾನು ಬಂದು ಹಿಡಿಯದ ತುದಿಯನ್ನು, ಎರಡು ಬೆರಳಲ್ಲಿ ಮುಟ್ಟಿ ನೋಡಿದಳು.

"ಇನ್ನೂ ಒಂದು ಕಡೆ ಹಸಿ ಇದೆ" ಎಂದಳು.